ಉಕ್ಕಿನ ಚಕ್ರಗಳು

1986ರಲ್ಲಿ ಕೆಲಸಕ್ಕೆಂದು ವಿಜಯವಾಡಕ್ಕೆ ಹೊರಟಾಗ ನಾನು ಊರಿಂದ ಜೋಪಾನವಾಗಿ ಹೊತ್ತು ತಂದದ್ದು ಒಂದು ರೆಕಾರ್ಡ್ ಪ್ಲೇಯರ್, ಹನ್ನೊಂದು ಎಲ್‌ಪಿ. ಬೆಸೆಂಟ್ ರೋಡಿನ ಹಿಂದಿನ ಬಾಡಿಗೆ ಕೋಣೆಯಲ್ಲಿ ರಾತ್ರಿ ಪಿ. ಕಾಳಿಂಗರಾಯರನ್ನು ಹಚ್ಚಿದರೆ ಪಕ್ಕದ ಮನೆಯವರು ಕಿಟಕಿಗೆ ಬಂದು "ಏಂ ಪಾಟಂಡೀ ಇದಿ?" ಅಂತ ಕೇಳೋರು. ಎರಡು ವರ್ಷದ ಮೇಲೆ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಗೆ ಬಂದೆ. ಅಲ್ಲಿನ ಬ್ಲಾಸ್ಟ್ ಫರ್ನೇಸುಗಳಿಗೆ ಗೋದಾವರಿ, ಕೃಷ್ಣಾ ಅಂತ ಹೆಸರು. ಕಾಲೊನಿಯ ಹೆಸರು ಉಕ್ಕುನಗರಂ. 'ಉಕ್ಕು' ನಮ್ಮಲ್ಲೂ ಅದೇ ಅಲ್ಲವೇ, ಹಾಗಾಗಿ ಬಸ್ಸಿನ ಬೋರ್ಡು ಓದೋಕೆ ನನಗೆ ಯಾರ ಸಹಾಯವೂ ಬೇಕಾಗಲಿಲ್ಲ.

ಮಗ ಅಲ್ಲೇ ಹುಟ್ಟಿದ. 2005ರ ಒಂದು ಸಂಜೆ ಶಿಫ್ಟ್ ಮುಗಿಸಿ ಬಂದು ನೋಡ್ತೀನಿ, ಕಾಳಿಂಗರಾಯರ ರೆಕಾರ್ಡಿನ ಮೇಲೆ ಹಳದಿ ಕ್ರೇಯಾನಿನ ಗೆರೆ! ಹುಡುಗ ಅದನ್ನು ಬೆರಳಲ್ಲಿ ಹಿಂದಕ್ಕೂ ಮುಂದಕ್ಕೂ ನೂಕುತ್ತಾ ಕೂತಿದ್ದಾನೆ. ಹೊಡೆದೆ. ಜೋರಾಗಿಯೇ ಹೊಡೆದೆ. ಯಾವತ್ತೂ 'ಅಪ್ಪಾ' ಅನ್ನುತ್ತಿದ್ದವನು ಅವತ್ತು "ನಾನ್ನಾ, ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಕೂಡಾ ಹಿಂಗೇ ಮಾಡೋದು" ಅಂದ. ಏಟಿಗಿಂತ ಆ 'ನಾನ್ನಾ' ನನಗೇ ಹೆಚ್ಚು ತಾಕಿತು.

ಯಾರಪ್ಪಾ ಈ ಪುಣ್ಯಾತ್ಮ ಅಂತ ಹುಡುಕಿದೆ. ಹೆಸರು ಜೋಸೆಫ್ ಸ್ಯಾಡ್ಲರ್. ಹುಟ್ಟಿದ್ದು 1958ರಲ್ಲಿ, ಬಾರ್ಬಡೋಸ್ ದ್ವೀಪದಲ್ಲಿ. ಬೆಳೆದದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಅವನೂ ಹೊರನಾಡಿನವನೇ. ಅವನಿಗಿಂತ ಮೊದಲು, 1973ರಲ್ಲೇ ಅಲ್ಲಿ ಪಾರ್ಟಿ ಕಟ್ಟಿದ ಡಿಜೆ ಕೂಲ್ ಹರ್ಕ್ ಜಮೈಕಾದಿಂದ ಬಂದವನು. ಬ್ರಾಂಕ್ಸ್ ಆಗ ಸುಟ್ಟ ಕಟ್ಟಡಗಳ, ಕೆಲಸವಿಲ್ಲದವರ ಜಾಗ. ಹುಡುಗರು ಬೀದಿ ಕಂಬದಿಂದ ಕರೆಂಟು ಎಳೆದು ಪಾರ್ಕಿನಲ್ಲಿ ಹಾಡು ಹಾಕುತ್ತಿದ್ದರು.

ನನ್ನನ್ನು ತಡೆದು ನಿಲ್ಲಿಸಿದ ವಿಷಯ ಬೇರೆ. ಅವನ ಅಪ್ಪನಿಗೂ ರೆಕಾರ್ಡುಗಳ ಹುಚ್ಚು. ಮಗ ಮುಟ್ಟಿದರೆ ಹೊಡೆತ! ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಹುಡುಗ ವೃತ್ತಿಶಿಕ್ಷಣದ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತವನು. ಹಾಡಿನಲ್ಲಿ ಬರೀ ಡ್ರಮ್ ಬಾರಿಸುವ ಜಾಗ ಕೆಲವೇ ಸೆಕೆಂಡು ಇರುತ್ತದೆ. ಕುಣಿಯುವವರಿಗೆ ಬೇಕಾದ್ದು ಅದೇ. ಅವನು ಒಂದೇ ರೆಕಾರ್ಡಿನ ಎರಡು ಪ್ರತಿ ತಂದು ಎರಡು ಪ್ಲೇಯರಿನಲ್ಲಿ ಇಟ್ಟ. ಆ ಜಾಗಕ್ಕೆ ಕ್ರೇಯಾನಿನಲ್ಲಿ ಗುರುತು ಹಾಕಿದ. ಒಂದು ಓಡುವಾಗ ಇನ್ನೊಂದನ್ನು ಸುತ್ತು ಲೆಕ್ಕ ಹಾಕಿ ಹಿಂದಕ್ಕೆ ತಿರುಗಿಸುವುದು, ಹೆಡ್‌ಫೋನಿನಲ್ಲಿ ಮೊದಲೇ ಕೇಳಿಕೊಂಡು ಸರಿಯಾಗಿ ಬಿಡುವುದು. ಹಾಗೆ ಕೇಳಿಕೊಳ್ಳುವ ಸ್ವಿಚ್ಚನ್ನು ತಾನೇ ಜೋಡಿಸಿಕೊಂಡ. ಮೆಷಿನ್ ಶಾಪಿನಲ್ಲಿ ಅಳತೆ ತಪ್ಪದೆ ಕೆಲಸ ಮಾಡುವವನ ಬುದ್ಧಿ ಇದು. ಕಿಡಿಗೇಡಿತನ ಅನ್ನೋಕೆ ನನಗೆ ಬಾಯಿ ಬರಲಿಲ್ಲ.

1981ರಲ್ಲಿ ಮೂರು ಪ್ಲೇಯರುಗಳಲ್ಲಿ ಶಿಕ್, ಕ್ವೀನ್, ಬ್ಲಾಂಡಿ ಅಂತ ಬೇರೆಯವರ ಹಾಡುಗಳನ್ನೇ ಹೆಣೆದು ಏಳು ನಿಮಿಷದ ರೆಕಾರ್ಡ್ ತಂದ. ಅದರ ಹೆಸರಿನಲ್ಲೇ 'ವೀಲ್ಸ್ ಆಫ್ ಸ್ಟೀಲ್' ಇದೆ, ಉಕ್ಕಿನ ಚಕ್ರಗಳು! ಮುಂದಿನ ವರ್ಷ 'ದ ಮೆಸೇಜ್' ಬಂತು, ಹಿಪ್‌ಹಾಪ್ ಅಂದರೆ ಬರೀ ಕುಣಿತ ಅಂದುಕೊಂಡವರು ಬಡವರ ಬೀದಿಯ ಪಾಡು ಕೇಳಿದರು. ತಮಾಷೆ ಅಂದ್ರೆ, ರಟ್ಟಿನ ಮೇಲೆ ಫ್ಲ್ಯಾಶ್ ಹೆಸರು, ಹಾಡಿನಲ್ಲಿ ಅವನ ಕೈಯೇ ಇಲ್ಲ ಎನ್ನಬಹುದು. ದನಿ ಮೆಲ್ಲಿ ಮೆಲ್ ಮತ್ತು ಡ್ಯೂಕ್ ಬೂಟಿಯವರದು. 1983ರಲ್ಲಿ ಹಣಕ್ಕಾಗಿ, ತನ್ನ ಹೆಸರಿಗಾಗಿ ಕಂಪನಿಯ ಮೇಲೆ ಕೋರ್ಟಿಗೆ ಹೋದ, ತಂಡ ಒಡೆಯಿತು. ಆಮೇಲಿನ ಆಲ್ಬಮ್ಮುಗಳು ಅಷ್ಟು ಸದ್ದು ಮಾಡಲಿಲ್ಲ. 2007ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಹಿಪ್‌ಹಾಪ್ ತಂಡವೊಂದನ್ನು ಮೊದಲ ಬಾರಿಗೆ ಸೇರಿಸಿಕೊಂಡಾಗ ಅದು ಇವನ ತಂಡವೇ. 2019ರಲ್ಲಿ ಸ್ವೀಡನ್ನಿನ ಪೋಲಾರ್ ಪ್ರಶಸ್ತಿಯೂ ಬಂತು.

ನಮ್ಮವನು ಡಿಜೆ ಆಗಲಿಲ್ಲ. ವಿಜಯವಾಡದಲ್ಲಿ ಕೆಲಸ, ರಾತ್ರಿ ಕಂಪ್ಯೂಟರಿನಲ್ಲಿ ಏನೋ ಜೋಡಿಸುತ್ತಾನೆ. ಕಳೆದ ದೀಪಾವಳಿಗೆ ಬಂದವನು, "ಅಪ್ಪಾ, ಆ ಪ್ಲೇಟು ಇದೆಯಾ?" ಅಂದ. ಇತ್ತು. ಹಳದಿ ಗೆರೆಯನ್ನು ನಾನು ಒರೆಸಿರಲಿಲ್ಲ. ಗೀರು ಬಿದ್ದ ಜಾಗದಲ್ಲಿ ಕಾಳಿಂಗರಾಯರು ಒಂದೇ ಅಕ್ಷರವನ್ನು ಮತ್ತೆ ಮತ್ತೆ ಹೇಳುತ್ತಾರೆ. ಅವನಿಗೆ ಬೇಕಾದದ್ದು ಆ ಜಾಗವೇ ಅಂತೆ. ಹಳೇ ಟವೆಲಿನಲ್ಲಿ ಸುತ್ತಿ, ರೈಲಿನಲ್ಲಿ ಕಿಟಕಿ ಪಕ್ಕ ಇಡಬೇಡ, ಬಿಸಿಲಿಗೆ ಬಾಗುತ್ತೆ ಅಂತ ಎರಡು ಸಲ ಹೇಳಿ ಕೊಟ್ಟೆ.