ಋತುವಿಗೆ ಮುಂಚಿನ ಲೆಕ್ಕಾಚಾರ: ಅಮೆರಿಕದ ಕಾಲೇಜು ಬೇಸ್‌ಬಾಲಿನ ಒಂದು ರೂಢಿಯ ಚರಿತ್ರೆ

ಅಮೆರಿಕ ಸಂಯುಕ್ತ ಸಂಸ್ಥಾನದ ಕಾಲೇಜು ಬೇಸ್‌ಬಾಲ್ ಋತು ಫೆಬ್ರವರಿಯ ನಡುವೆ ಆರಂಭವಾಗಿ ಜೂನ್ ತಿಂಗಳ ಕೊನೆಯ ಭಾಗದಲ್ಲಿ ಮುಗಿಯುತ್ತದೆ. ಅದಕ್ಕೆ ಮುಂಚಿನ ಚಳಿಗಾಲದ ವಾರಗಳಲ್ಲಿ, ಮುಖ್ಯವಾಗಿ ಲೂಸಿಯಾನಾ, ಮಿಸಿಸಿಪ್ಪಿ, ಟೆಕ್ಸಾಸ್, ಟೆನೆಸಿಗಳಂಥ ದಕ್ಷಿಣದ ರಾಜ್ಯಗಳಲ್ಲಿ, ಅಭಿಮಾನಿಗಳು ತಮ್ಮ ವಿಶ್ವವಿದ್ಯಾನಿಲಯದ ತಂಡವನ್ನು ಸ್ಥಾನಸ್ಥಾನಕ್ಕೆ ಪರಿಶೀಲಿಸಿ ಈ ಸಲ ಅದು ಎಲ್ಲಿಯವರೆಗೆ ಹೋದೀತೆಂದು ಅಂದಾಜು ಕಟ್ಟುವುದು ರೂಢಿ. ಈ ಅಂದಾಜಿನಲ್ಲಿ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲೆಡೆಯೂ ಒಂದೇ: ಒಮಾಹಾ ತಲುಪುವುದು ಸಾಧ್ಯವೇ, ಕಳೆದ ವರ್ಷದವರಲ್ಲಿ ಯಾರು ಉಳಿದರು, ಶುಕ್ರವಾರ ಚೆಂಡೆಸೆಯುವವನು ಯಾರು, ಹೋಮ್ ರನ್‌ಗಳು ಎಷ್ಟು ಬಂದಾವು, ಬೇರೆ ವಿಶ್ವವಿದ್ಯಾನಿಲಯಗಳಿಂದ ಯಾರು ಬಂದರು. ಅಭಿಮಾನದ ಉತ್ಸಾಹದಲ್ಲಿ ತಾವಾಗಿಯೇ ಹುಟ್ಟಿದಂತೆ ಕಾಣುವ ಈ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಒಂದೊಂದು ಜನ್ಮವರ್ಷವಿದೆ. ಯಾವುದೋ ಒಂದು ಆಡಳಿತ ನಿರ್ಧಾರ ಅವನ್ನು ಹುಟ್ಟುಹಾಕಿದೆ. ಆದ್ದರಿಂದ ಅಭಿಮಾನಿಯ ಮುನ್ನೋಟವನ್ನು ಪದರ ಪದರವಾಗಿ ಬಿಡಿಸುತ್ತ ಹೋದರೆ ಈ ಆಟದ ಸಾಂಸ್ಥಿಕ ಚರಿತ್ರೆ ಕಾಣಸಿಗುತ್ತದೆ.

ಕಾಲೇಜುಗಳ ನಡುವಿನ ಮೊದಲ ಬೇಸ್‌ಬಾಲ್ ಪಂದ್ಯ 1859ರ ಜುಲೈ 1ರಂದು ಮ್ಯಾಸಚೂಸೆಟ್ಸ್ ರಾಜ್ಯದ ಪಿಟ್ಸ್‌ಫೀಲ್ಡಿನಲ್ಲಿ ಆಮ್‌ಹರ್ಸ್ಟ್ ಮತ್ತು ವಿಲಿಯಮ್ಸ್ ಕಾಲೇಜುಗಳ ನಡುವೆ ನಡೆಯಿತು. ಅಂದು ಆಡಿದ್ದು ಆ ರಾಜ್ಯದ ಸ್ಥಳೀಯ ನಿಯಮಗಳ ಪ್ರಕಾರ: ಪ್ರತಿ ತಂಡದಲ್ಲಿ 13 ಆಟಗಾರರಿದ್ದರು, ಓಡುತ್ತಿರುವವನ ಮೈಗೆ ಚೆಂಡೆಸೆದು ಅವನನ್ನು ಔಟ್ ಮಾಡಬಹುದಿತ್ತು. ಆಮ್‌ಹರ್ಸ್ಟ್ 73–32ರಿಂದ ಗೆದ್ದಿತು; ಮರುದಿನ ಅದೇ ಎರಡು ಕಾಲೇಜುಗಳು ಚದುರಂಗದಲ್ಲಿಯೂ ಸೆಣಸಿದವು. ಹೀಗೆ ವಿದ್ಯಾರ್ಥಿಗಳೇ ಸವಾಲು ಹಾಕಿ, ವಿದ್ಯಾರ್ಥಿಗಳೇ ಏರ್ಪಡಿಸುತ್ತಿದ್ದ ಬಿಡಿ ಪಂದ್ಯಗಳಲ್ಲಿ ಗೆಲುವಿನ ಹೆಮ್ಮೆಗೆ ಎಡೆಯಿತ್ತಾದರೂ ಇಡೀ ಋತುವನ್ನು ಮುಂದಾಗಿ ಕಲ್ಪಿಸಿಕೊಳ್ಳಲು ಆಸ್ಪದವಿರಲಿಲ್ಲ, ಏಕೆಂದರೆ ಎಲ್ಲ ತಂಡಗಳೂ ಸಮಾನವಾಗಿ ತಲುಪಬೇಕಾದ ಗುರಿ ಎಂಬುದೇ ಇರಲಿಲ್ಲ. ಆ ಗುರಿ ಒದಗಿದ್ದು 1947ರಲ್ಲಿ. ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಆಡಳಿತ ಸಂಸ್ಥೆಯಾದ ಎನ್‌ಸಿಎಎ ಆ ವರ್ಷ ಮಿಷಿಗನ್ ರಾಜ್ಯದ ಕಲಮಜೂ ನಗರದಲ್ಲಿ ಮೊದಲ ರಾಷ್ಟ್ರೀಯ ಅಂತಿಮ ಸರಣಿಯನ್ನು ನಡೆಸಿತು. ಕ್ಯಾಲಿಫೋರ್ನಿಯಾ ತಂಡ ಯೇಲ್ ತಂಡವನ್ನು ಸೋಲಿಸಿತು, ಸೋತ ತಂಡದಲ್ಲಿ ಮುಂದೆ ಅಮೆರಿಕದ ಅಧ್ಯಕ್ಷರಾದ ಜಾರ್ಜ್ ಎಚ್. ಡಬ್ಲ್ಯೂ. ಬುಷ್ ಆಡಿದ್ದರು. ಕಾಲೇಜು ವರ್ಲ್ಡ್ ಸೀರೀಸ್ ಎಂಬ ಹೆಸರಿನ ಈ ಸ್ಪರ್ಧೆ 1950ರಲ್ಲಿ ನೆಬ್ರಾಸ್ಕಾದ ಒಮಾಹಾ ನಗರಕ್ಕೆ ಬಂದು ಅಲ್ಲಿಯೇ ನೆಲೆಯೂರಿತು. ಅಂದಿನಿಂದ ಅಭಿಮಾನಿಗಳ ಬಾಯಲ್ಲಿ ಒಮಾಹಾ ಎಂದರೆ ಋತುವಿನ ಸಾರ್ಥಕತೆ ಎಂದೇ ಅರ್ಥ. ಮುನ್ನೋಟದ ಮೊದಲ ಪ್ರಶ್ನೆ ಹುಟ್ಟಿದ್ದು ಹೀಗೆ.

ಎರಡನೆಯ ಪ್ರಶ್ನೆ 1965ರದು. ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುವ ಡ್ರಾಫ್ಟ್ ಪದ್ಧತಿ ಆ ವರ್ಷ ಜಾರಿಗೆ ಬಂದಿತು, ಮತ್ತು ಅದರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದವನು, ಅದೇ ವರ್ಷ ಒಮಾಹಾದಲ್ಲಿ ಗೆದ್ದ ಅರಿಝೋನಾ ಸ್ಟೇಟ್ ತಂಡದ ರಿಕ್ ಮಂಡೇ. ಈಗಿನ ನಿಯಮದಂತೆ ಪ್ರೌಢಶಾಲೆ ಮುಗಿಸಿದ ಹುಡುಗ ನೇರವಾಗಿ ಡ್ರಾಫ್ಟಿಗೆ ಅರ್ಹನಾದರೂ, ಒಮ್ಮೆ ನಾಲ್ಕು ವರ್ಷದ ಕಾಲೇಜನ್ನು ಸೇರಿದನೆಂದರೆ ಸಾಮಾನ್ಯವಾಗಿ ಮೂರನೆಯ ವರ್ಷ ಮುಗಿಯುವವರೆಗೆ ಅಥವಾ 21 ವರ್ಷ ತುಂಬುವವರೆಗೆ ಕಾಯಬೇಕಾಗುತ್ತದೆ. ಇದರಿಂದ ಕಾಲೇಜು ತಂಡಕ್ಕೆ ಎರಡು ಕಡೆಯಿಂದ ನಷ್ಟ ಸಂಭವಿಸುತ್ತದೆ: ಮೂರು ವರ್ಷ ಆಡಿ ಪಳಗಿದವರು ಹೊರಟುಹೋಗುತ್ತಾರೆ, ಬರುವುದಾಗಿ ಒಪ್ಪಿದ್ದ ಪ್ರತಿಭಾವಂತ ಹುಡುಗರು ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕಿ ಕಾಲೇಜಿನ ಮೆಟ್ಟಿಲನ್ನೇ ಹತ್ತುವುದಿಲ್ಲ. ಅಭಿಮಾನಿಯ ಲೆಕ್ಕ ಕೂಡುವಿಕೆಗಿಂತ ಮೊದಲು ಕಳೆಯುವಿಕೆಯಿಂದ ಆರಂಭವಾಗುವ ಪರಿಪಾಠ ಬೆಳೆದದ್ದು ಈ ವ್ಯವಸ್ಥೆಯ ಫಲವಾಗಿ.

ಶುಕ್ರವಾರದ ಪ್ರಶ್ನೆಗೆ ಕಾರಣ ಶೈಕ್ಷಣಿಕ ದಿನಚರಿ. ತರಗತಿಗಳಿಗೆ ಅಡ್ಡಿಯಾಗದಂತೆ ಪ್ರಾದೇಶಿಕ ಒಕ್ಕೂಟದೊಳಗಿನ ಪಂದ್ಯಗಳನ್ನು ಸಾಮಾನ್ಯವಾಗಿ ಶುಕ್ರವಾರ, ಶನಿವಾರ ಮತ್ತು ಭಾನುವಾರಗಳಂದು ಒಂದೇ ಎದುರಾಳಿಯೊಡನೆ ಸಾಲಾಗಿ ಆಡಲಾಗುತ್ತದೆ. ಕ್ರಿಕೆಟ್ಟಿನ ಬೌಲರ್ ಓವರುಗಳ ನಡುವೆ ಬಿಡುವು ಪಡೆದರೆ ಬೇಸ್‌ಬಾಲಿನ ಪಿಚರ್, ಅಂದರೆ ಚೆಂಡೆಸೆಯುವವನು, ಬದಲಾಗುವವರೆಗೂ ಎಲ್ಲ ಎಸೆತಗಳನ್ನೂ ತಾನೊಬ್ಬನೇ ಎಸೆಯುವುದರಿಂದ, ಪಂದ್ಯವನ್ನು ಆರಂಭಿಸಿದವನ ತೋಳಿಗೆ ಹಲವು ದಿನಗಳ ವಿಶ್ರಾಂತಿ ಬೇಕಾಗುತ್ತದೆ. ಹಾಗಾಗಿ ಮೂರು ದಿನಕ್ಕೆ ಮೂವರು ಬೇಕು, ಅವರಲ್ಲಿ ಶ್ರೇಷ್ಠನಾದವನಿಗೆ ಶುಕ್ರವಾರ ಮೀಸಲು. ಮೊಣಕೈಯ ಸ್ನಾಯುಬಂಧ ಹರಿದರೆ ಈ ಲೆಕ್ಕವೆಲ್ಲ ಬುಡಮೇಲಾಗುತ್ತದೆ. ವೈದ್ಯ ಫ್ರ್ಯಾಂಕ್ ಜೋಬ್ 1974ರಲ್ಲಿ ಟಾಮಿ ಜಾನ್ ಎಂಬ ವೃತ್ತಿಪರ ಪಿಚರನಿಗೆ ಮೊದಲ ಬಾರಿ ಮಾಡಿದ, ಈಗ ಆ ಆಟಗಾರನ ಹೆಸರಿನಿಂದಲೇ ಪ್ರಸಿದ್ಧವಾಗಿರುವ ಶಸ್ತ್ರಚಿಕಿತ್ಸೆ ತೋಳನ್ನು ಉಳಿಸಿಕೊಟ್ಟರೂ ಸುಮಾರು ಒಂದು ವರ್ಷದ ಆಟವನ್ನು ಕಿತ್ತುಕೊಳ್ಳುತ್ತದೆ.

ಅದೇ 1974ರಲ್ಲಿ ಕಾಲೇಜು ಆಟಕ್ಕೆ ಅಲ್ಯೂಮಿನಿಯಂ ಬ್ಯಾಟು ಬಂದಿತು. ಮುರಿಯುವ ಮರದ ಬ್ಯಾಟುಗಳ ಖರ್ಚನ್ನು ಉಳಿಸಲು ಒಪ್ಪಿಕೊಂಡ ಈ ಬದಲಾವಣೆ, ಲೋಹದ ತಯಾರಿಕೆ ಸುಧಾರಿಸಿದಂತೆಲ್ಲ ಆಟದ ಸ್ವರೂಪವನ್ನೇ ಮಾರ್ಪಡಿಸಿತು. 1998ರ ಅಂತಿಮ ಪಂದ್ಯದಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯ ಅರಿಝೋನಾ ಸ್ಟೇಟ್ ತಂಡವನ್ನು 21–14ರಿಂದ ಸೋಲಿಸಿದಾಗ ರನ್‌ಗಳ ಅತಿರೇಕ ಎಲ್ಲರ ಕಣ್ಣಿಗೆ ಬಿದ್ದಿತು. ಬ್ಯಾಟಿಗೆ ತಗುಲಿದ ಚೆಂಡು ಎಷ್ಟು ರಭಸದಿಂದ ಪುಟಿಯಬಹುದೆಂಬುದನ್ನು ಅಳೆದು ಅದನ್ನು ಮರದ ಬ್ಯಾಟಿನ ಮಟ್ಟಕ್ಕೆ ಸಮೀಪಿಸಿದ ಹೊಸ ಮಾನದಂಡ 2011ರಲ್ಲಿ ಬಂದಾಗ ಹೋಮ್ ರನ್‌ಗಳು, ಅಂದರೆ ಬೇಲಿಯಾಚೆ ಹೋಗುವ ಹೊಡೆತಗಳು, ತೀವ್ರವಾಗಿ ಇಳಿದವು. 2015ರಲ್ಲಿ ಚೆಂಡಿನ ಹೊಲಿಗೆಯ ಉಬ್ಬನ್ನು ತಗ್ಗಿಸಿದ ಮೇಲೆ ಅವು ಮತ್ತೆ ಏರಿದವು. ಹೀಗಾಗಿ ಬೇರೆ ಬೇರೆ ಕಾಲದ ಅಂಕಿಗಳನ್ನು ಹೋಲಿಸುವ ಅಭಿಮಾನಿ ಆಟಗಾರನ ಸಾಮರ್ಥ್ಯದ ಜೊತೆಗೆ ಆ ವರ್ಷದ ಬ್ಯಾಟನ್ನೂ ಚೆಂಡನ್ನೂ ಗಣನೆಗೆ ತೆಗೆದುಕೊಳ್ಳಬೇಕಾಯಿತು.

ಋತು ಆರಂಭವಾಗುವ ಮುನ್ನವೇ ತಂಡಗಳಿಗೆ ಕ್ರಮಾಂಕ ಕೊಡುವ ಪತ್ರಿಕೆಗಳು ಈ ರೂಢಿಗೆ ಅಚ್ಚಿನ ಅಧಿಕಾರ ಒದಗಿಸಿದವು. ಅವುಗಳಲ್ಲಿ 1981ರಲ್ಲಿ ಹುಟ್ಟಿದ ‘ಬೇಸ್‌ಬಾಲ್ ಅಮೆರಿಕ’ ಪ್ರಮುಖವಾದದ್ದು. ಆದರೆ ಅಂತಿಮ ಸ್ಪರ್ಧೆಯ ರಚನೆ ಇಂಥ ಕ್ರಮಾಂಕಗಳಿಗೆ ಅನುಕೂಲವಾಗಿಲ್ಲ. 1999ರಿಂದ 64 ತಂಡಗಳು 16 ಕಡೆ ನಾಲ್ಕು ನಾಲ್ಕಾಗಿ ಆಡಿ, ಗೆದ್ದವು ಎರಡೆರಡಾಗಿ ಸೆಣಸಿ, ಕೊನೆಗೆ ಎಂಟು ತಂಡಗಳು ಒಮಾಹಾಗೆ ಬರುತ್ತವೆ. ಆ ಮೊದಲ ವರ್ಷ ಅಗ್ರ ಶ್ರೇಯಾಂಕದ ಮಯಾಮಿ ಗೆದ್ದ ಬಳಿಕ, 2024ರಲ್ಲಿ ಟೆನೆಸಿ ಗೆಲ್ಲುವವರೆಗೆ ಅಗ್ರ ಶ್ರೇಯಾಂಕದ ಯಾವ ತಂಡಕ್ಕೂ ಪ್ರಶಸ್ತಿ ದಕ್ಕಲಿಲ್ಲ. 2008ರಲ್ಲಿ ತನ್ನ ಗುಂಪಿನ ನಾಲ್ಕರಲ್ಲಿ ಕೊನೆಯ ಶ್ರೇಯಾಂಕ ಪಡೆದಿದ್ದ ಫ್ರೆಸ್ನೊ ಸ್ಟೇಟ್ ಪ್ರಶಸ್ತಿ ಗೆದ್ದಿತು. 2022ರಲ್ಲಿ ಅಂಚಿನಲ್ಲಿ ನಿಂತು ಹೇಗೋ ಆಯ್ಕೆಯಾದ ಮಿಸಿಸಿಪ್ಪಿ ವಿಶ್ವವಿದ್ಯಾನಿಲಯ ಗೆದ್ದಿತು. 2025ರ ಋತುವಿಗೆ ಮುನ್ನ ಅಗ್ರಸ್ಥಾನದಲ್ಲಿ ಕಾಣಿಸಿಕೊಂಡಿದ್ದ ಟೆಕ್ಸಾಸ್ ಎ ಅಂಡ್ ಎಂ ಆ 64ರೊಳಗೂ ಸೇರಲಿಲ್ಲ. ಒಳ್ಳೆಯ ಪಿಚರ್ ಪ್ರತಿದಿನ ಎಸೆಯಲಾರನು, ಕೆಲವೇ ಪಂದ್ಯಗಳ ಹಣಾಹಣಿಯಲ್ಲಿ ಬಲಾಬಲದ ವ್ಯತ್ಯಾಸ ಪೂರ್ತಿ ಪ್ರಕಟವಾಗಲೂ ಆರದು ಎಂಬುದೇ ಈ ಏರುಪೇರುಗಳಿಗೆ ಮುಖ್ಯ ಕಾರಣ.

ಕೊನೆಯ ಪದರ ತೀರ ಇತ್ತೀಚಿನದು. ಬೇರೆ ವಿಶ್ವವಿದ್ಯಾನಿಲಯಕ್ಕೆ ಹೋಗಬಯಸುವ ಆಟಗಾರರು ಹೆಸರು ನೋಂದಾಯಿಸುವ ಟ್ರಾನ್ಸ್‌ಫರ್ ಪೋರ್ಟಲ್ 2018ರಲ್ಲಿ ಆರಂಭವಾಯಿತು. 2021ರಲ್ಲಿ, ಹಾಗೆ ಹೋದವರು ಒಂದು ವರ್ಷ ಆಡದೆ ಕೂರಬೇಕೆಂಬ ನಿರ್ಬಂಧ ಮೊದಲ ಸಲದ ವರ್ಗಾವಣೆಗೆ ಸಡಿಲವಾಯಿತು. ತಮ್ಮ ಹೆಸರು ಮತ್ತು ಚಿತ್ರದ ಬಳಕೆಯಿಂದ ಹಣ ಗಳಿಸುವ ಹಕ್ಕೂ ಅದೇ ವರ್ಷ ಆಟಗಾರರಿಗೆ ದೊರೆಯಿತು. ವಾಯುಪಡೆಯ ಅಕಾಡೆಮಿಯಿಂದ ಲೂಸಿಯಾನಾ ಸ್ಟೇಟ್‌ಗೆ ಬಂದ ಪಿಚರ್ ಪಾಲ್ ಸ್ಕೀನ್ಸ್ 2023ರಲ್ಲಿ ಒಂದೇ ಋತು ಆಡಿ, ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ ದೊರಕಿಸುವಲ್ಲಿ ಪ್ರಮುಖ ಪಾತ್ರ ವಹಿಸಿ, ಆ ವರ್ಷದ ಡ್ರಾಫ್ಟಿನಲ್ಲಿ ಮೊದಲಿಗನಾಗಿ ಆಯ್ಕೆಯಾದನು. ಒಂದು ತಂಡ 11.7 ವಿದ್ಯಾರ್ಥಿವೇತನಗಳನ್ನು ಹಲವರಿಗೆ ಹಂಚಬೇಕಿದ್ದ ಮಿತಿಯೂ 2025ರ ನ್ಯಾಯಾಲಯದ ಒಪ್ಪಂದದಿಂದ ಹೋಗಿ, ಆ ಒಪ್ಪಂದಕ್ಕೆ ಒಳಪಟ್ಟ ತಂಡಗಳಿಗೆ 34 ಆಟಗಾರರ ಮಿತಿ ಬಂದಿತು.

ಈ ಪದರಗಳಲ್ಲಿ ಹೊಸದು ಹಳೆಯದನ್ನು ಅಳಿಸಿಲ್ಲ, ಅದರ ಮೇಲೆ ಕೂತಿದೆ. ಆದರೆ ಒಟ್ಟಾರೆಯಾಗಿ ಮುನ್ನೋಟದ ಕೆಲಸ ಬದಲಾಗಿದೆ. ಹುಡುಗನೊಬ್ಬನನ್ನು ಮೂರು ವರ್ಷ ನೋಡಿ ಬಲ್ಲ ಅಭಿಮಾನಿಗೆ ಅದು ನೆನಪಿನ ಬಲದಿಂದ ಮಾಡುವ ಊಹೆಯಾಗಿತ್ತು, ಉಳಿದವರು ಎಷ್ಟು ಬೆಳೆದಿದ್ದಾರೆಂಬ ವಿಚಾರವೇ ಅದರ ತಿರುಳಾಗಿತ್ತು. ತಂಡದ ಗಣನೀಯ ಭಾಗ ಬೇಸಿಗೆಯಿಂದ ಬೇಸಿಗೆಗೆ ಬದಲಾಗುವ ಈಗಿನ ದಿನಗಳಲ್ಲಿ ಅಭಿಮಾನಿ ತನ್ನದೆಂದು ಹೇಳಿಕೊಳ್ಳುವ ತಂಡದ ಆಟಗಾರರನ್ನು ಮೊದಲು ಪರಿಚಯಿಸಿಕೊಳ್ಳುವುದೇ ಈ ಲೆಕ್ಕಾಚಾರದ ಮೂಲಕ. ಅಂದಾಜು ತಪ್ಪುವ ಸಂಭವ ಇಷ್ಟೊಂದಿದ್ದರೂ ರೂಢಿ ನಿಲ್ಲದಿರುವುದಕ್ಕೆ ಕಾರಣವೂ ಇಲ್ಲಿದೆ: ವಿಶ್ವವಿದ್ಯಾನಿಲಯದ ಹೆಸರಿಗೆ ಅಂಟಿಕೊಂಡ ನಿಷ್ಠೆ ಪ್ರತಿ ವರ್ಷವೂ ಹೊಸ ಆಟಗಾರರ ಮೇಲೆ ನೆಲೆಗೊಳ್ಳಬೇಕಾಗಿರುವಾಗ, ಆ ನಿಷ್ಠೆಯನ್ನು ಅವರತ್ತ ಸಾಗಿಸುವ ಬೇರೆ ಸಾಧನ ಅಭಿಮಾನಿಗೆ ಚಳಿಗಾಲದಲ್ಲಿ ದೊರೆಯುವುದಿಲ್ಲ.