ರೇಡಿಯಾಲಜಿ: ಯಂತ್ರ ಬಂದರೂ ಅಳಿಯದ ವೃತ್ತಿ

ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಯಾವ ವೃತ್ತಿ ಉಳಿದೀತು, ಯಾವ ಕೌಶಲಕ್ಕೆ ಬೆಲೆ ಇದ್ದೀತು ಎಂಬ ಪ್ರಶ್ನೆ ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಸಮಾನವಾಗಿ ಕಾಡುತ್ತಿದೆ. ಎಕ್ಸ್-ರೇ, ಸಿ.ಟಿ., ಎಂ.ಆರ್.ಐ. ಚಿತ್ರಗಳಿಂದ ರೋಗ ಪತ್ತೆ ಹಚ್ಚುವ ರೇಡಿಯಾಲಜಿ ವಿಭಾಗದ ಅನುಭವದಲ್ಲಿ ಇದಕ್ಕೊಂದು ಉತ್ತರವಿದೆ.

ಹುಸಿಯಾದ ಭವಿಷ್ಯ

ರೇಡಿಯಾಲಜಿಸ್ಟ್‌ಗಳಿಗೆ ತರಬೇತಿ ನೀಡುವುದನ್ನು ಈಗಲೇ ನಿಲ್ಲಿಸಬೇಕು. ಐದು, ಹೆಚ್ಚೆಂದರೆ ಹತ್ತು ವರ್ಷಗಳಲ್ಲಿ ಯಂತ್ರವೇ ಅವರನ್ನು ಮೀರಿಸಲಿದೆ ಎಂದು ಕಂಪ್ಯೂಟರ್ ವಿಜ್ಞಾನಿ ಜೆಫ್ರಿ ಹಿಂಟನ್ 2016ರಲ್ಲಿ ಟೊರಾಂಟೊದಲ್ಲಿ ಹೇಳಿದ್ದರು. 2024ರ ಭೌತಶಾಸ್ತ್ರ ನೊಬೆಲ್ ಪುರಸ್ಕೃತರಲ್ಲಿ ಒಬ್ಬರಾದ ಅವರ ಮಾತು ಅಲ್ಲಗಳೆಯುವಂಥದ್ದಾಗಿರಲಿಲ್ಲ. ಆದರೂ ಈ ತಜ್ಞರ ಬೇಡಿಕೆ ಕುಗ್ಗಲಿಲ್ಲ. ಅನೇಕ ದೇಶಗಳಲ್ಲಿ ಅವರ ಕೊರತೆಯೇ ಕಾಡುತ್ತಿದೆ. ತಾವು ಚಿತ್ರ ಓದುವ ಕೆಲಸವನ್ನಷ್ಟೇ ಉದ್ದೇಶಿಸಿದ್ದಾಗಿ, ಮಾತು ಅತಿ ವ್ಯಾಪಕವಾಯಿತೆಂದು ಹಿಂಟನ್ 2025ರಲ್ಲಿ ಒಪ್ಪಿಕೊಂಡರು.

ಯಂತ್ರದ ಪಾಲು

ಯಂತ್ರ ಸೋತಿತೆಂದು ಇದರ ಅರ್ಥವಲ್ಲ. 15 ವರ್ಷ ಮೇಲ್ಪಟ್ಟವರ ಕ್ಷಯ ತಪಾಸಣೆಯಲ್ಲಿ ಎದೆಯ ಎಕ್ಸ್-ರೇ ಓದಲು ತಂತ್ರಾಂಶ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿತು. ಸ್ವೀಡನ್‌ನಲ್ಲಿ 80 ಸಾವಿರಕ್ಕೂ ಹೆಚ್ಚು ಮಹಿಳೆಯರ ಸ್ತನ ಕ್ಯಾನ್ಸರ್ ತಪಾಸಣೆಯಲ್ಲಿ ಕೃತಕ ಬುದ್ಧಿಮತ್ತೆಯ ನೆರವಿನಿಂದ ಚಿತ್ರ ಓದುವ ಶ್ರಮ ಶೇ. 44ರಷ್ಟು ತಗ್ಗಿತೆಂದು 2023ರಲ್ಲಿ ಪ್ರಕಟವಾದ ವರದಿ ತಿಳಿಸಿತು. ಗಮನಿಸಬೇಕಾದ ಅಂಶವೆಂದರೆ, ಅಲ್ಲಿಯೂ ಅಂತಿಮ ನಿರ್ಣಯ ವೈದ್ಯರದ್ದೇ ಆಗಿತ್ತು.

ಮನುಷ್ಯನ ಪಾಲು

ಚಿತ್ರ ಓದುವುದು ಈ ವೃತ್ತಿಯ ಒಂದು ಭಾಗ ಮಾತ್ರ. ಯಾವ ಪರೀಕ್ಷೆ ಅಗತ್ಯ, ಯಾವುದು ಅನಗತ್ಯ ಎಂದು ತೀರ್ಮಾನಿಸುವುದು, ಶಸ್ತ್ರವೈದ್ಯರೊಡನೆ ಚರ್ಚಿಸುವುದು, ಸ್ಕ್ಯಾನ್ ನೋಡುತ್ತ ಗಡ್ಡೆಗೆ ಸೂಜಿ ಹಾಕಿ ಮಾದರಿ ತೆಗೆಯುವುದು, ಭಯಗೊಂಡ ರೋಗಿಗೆ ಧೈರ್ಯ ಹೇಳುವುದು ಇವೆಲ್ಲ ಉಳಿದ ಭಾಗ. ಎಲ್ಲಕ್ಕಿಂತ ಮಿಗಿಲಾದುದು ಹೊಣೆಗಾರಿಕೆ. ವರದಿಗೆ ಸಹಿ ಹಾಕುವವರು ಅದಕ್ಕೆ ಉತ್ತರ ಹೇಳಬೇಕು. ಭಾರತದಲ್ಲಿ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯೂ ಗರ್ಭಿಣಿಯರ ಸ್ಕ್ಯಾನಿಂಗನ್ನು ಅರ್ಹ ವೈದ್ಯರು ಹಾಗೂ ನೋಂದಾಯಿತ ಕೇಂದ್ರಗಳಿಗೇ ಸೀಮಿತಗೊಳಿಸಿದೆ.

ಎಚ್ಚರಿಕೆಯ ಮಾತೂ ಇದೆ. ಯಂತ್ರದ ತಪ್ಪು ಸೂಚನೆ ಅನುಭವಿ ವೈದ್ಯರನ್ನೂ ದಾರಿ ತಪ್ಪಿಸಬಲ್ಲದು. ಸ್ವತಃ ಸಾವಿರಾರು ಚಿತ್ರಗಳನ್ನು ಓದಿ ಪಳಗಿದವರು ಮಾತ್ರ ಆ ತಪ್ಪನ್ನು ಹಿಡಿಯಬಲ್ಲರು. ಆದ್ದರಿಂದ ಯಂತ್ರವಿದೆಯೆಂದು ಕಲಿಕೆಯನ್ನು ಮೊಟಕುಗೊಳಿಸುವುದು ವೃತ್ತಿಗೇ ಕುತ್ತು.

ವೃತ್ತಿ ಆಯ್ಕೆಗೆ ಅಳತೆಗೋಲು

ಎಂ.ಬಿ.ಬಿ.ಎಸ್. ನಂತರ ಮೂರು ವರ್ಷಗಳ ಎಂ.ಡಿ. ಓದುವ ರೇಡಿಯಾಲಜಿಗಷ್ಟೇ ಈ ಪಾಠ ಸೀಮಿತವಲ್ಲ. ಶುಶ್ರೂಷೆ, ಬೋಧನೆ, ವಿದ್ಯುತ್ ದುರಸ್ತಿ ಮೊದಲಾದ ಕ್ಷೇತ್ರಗಳಿಗೂ ಮೂರು ಪ್ರಶ್ನೆಗಳನ್ನು ಹಾಕಿ ನೋಡಬಹುದು. ಕೆಲಸದಲ್ಲಿ ಪ್ರತಿ ಸಂದರ್ಭವೂ ಹೊಸತೆ? ಎದುರಿಗೆ ಮನುಷ್ಯನ ಇರವು ಬೇಕೆ? ತಪ್ಪಾದಾಗ ಯಾರಾದರೂ ಉತ್ತರ ಹೇಳಬೇಕೆ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಆ ವೃತ್ತಿಯಲ್ಲಿ ಯಂತ್ರ ಸಹಾಯಕನಾಗಿಯೇ ಉಳಿಯುವ ಸಂಭವ ಹೆಚ್ಚು. ಒಂದೇ ಬಗೆಯ ಕೆಲಸದ ಪುನರಾವರ್ತನೆಯೇ ವೃತ್ತಿಯಾಗಿದ್ದರೆ ಮಾತ್ರ ಬದಲಾವಣೆಗೆ ಇಂದೇ ಸಿದ್ಧರಾಗುವುದು ಕ್ಷೇಮ.