ಕಾರ್ಖಾನೆಯ ತಾಂತ್ರಿಕ ತರಬೇತಿ: ಫಲಪರೀಕ್ಷೆಯ ಇತಿಹಾಸ

ಕಾರ್ಖಾನೆಗಳಲ್ಲಿ ಕೆಲಸಗಾರರಿಗೂ ಮೇಸ್ತ್ರಿಗಳಿಗೂ ಕೊಡಲಾಗುವ ತಾಂತ್ರಿಕ ಶಿಕ್ಷಣವು ಅವರ ದುಡಿಮೆಯಲ್ಲಿ ಎಷ್ಟುಮಟ್ಟಿಗೆ ಫಲಿಸಿತೆಂಬುದನ್ನು ನಿರ್ಣಯಿಸುವ ಕ್ರಮಕ್ಕೆ ಫಲಪರೀಕ್ಷೆಯೆಂದು ಹೆಸರು. ಗುರುವಿನ ಕೈಕೆಳಗಿದ್ದು ಕಸುಬು ಕಲಿಯುತ್ತಿದ್ದ ಕಾಲದಲ್ಲಿ ಶಿಷ್ಯನು ಮಾಡಿದ ವಸ್ತುವೇ ಅವನ ಪರೀಕ್ಷೆಯಾಗಿದ್ದು, ಅದನ್ನು ಕೊಳ್ಳುವ ಗಿರಾಕಿಯೇ ಪರೀಕ್ಷಕನಾಗಿದ್ದುದರಿಂದ, ಇದಕ್ಕೊಂದು ಪ್ರತ್ಯೇಕ ಶಾಸ್ತ್ರವು ಬೇಕಾಗಿರಲಿಲ್ಲ. ಕಲಿಸುವವನೊಬ್ಬ, ದುಡಿಸಿಕೊಳ್ಳುವವನು ಮತ್ತೊಬ್ಬ, ವೆಚ್ಚವನ್ನು ಭರಿಸುವವನು ಮಗದೊಬ್ಬ ಎಂಬ ವಿಭಾಗವು ಯಂತ್ರೋದ್ಯಮದೊಡನೆ ಬಂದ ಮೇಲೆಯೇ ಈ ಪ್ರಶ್ನೆಯು ತಲೆದೋರಿತು.

ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಹಡಗುಕಟ್ಟೆಗಳ ಕೆಲಸಗಾರರ ಶಿಕ್ಷಣಕ್ಕೆ ಶ್ರಮಿಸಿದ ಚಾರ್ಲ್ಸ್ ಆರ್. ಆಲೆನ್ ಅವರು, 1919ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಬೋಧನೆಯನ್ನು ಸಿದ್ಧತೆ, ನಿರೂಪಣೆ, ಪ್ರಯೋಗ, ಪರೀಕ್ಷೆ ಎಂಬ ನಾಲ್ಕು ಹಂತಗಳಾಗಿ ವಿಂಗಡಿಸಿ, ಪರೀಕ್ಷೆಯನ್ನು ಬೋಧನೆಯದೇ ಅಂಗವನ್ನಾಗಿ ಮಾಡಿದರು. ಈ ಕ್ರಮವನ್ನು ಅತ್ಯಂತ ವಿಸ್ತಾರವಾಗಿ ಬಳಸಿದುದು, 1940ರ ಆಗಸ್ಟಿನಲ್ಲಿ ಅಮೆರಿಕದ ಸರ್ಕಾರವು ಆರಂಭಿಸಿದ 'ಟ್ರೇನಿಂಗ್ ವಿದಿನ್ ಇಂಡಸ್ಟ್ರಿ' ಎಂಬ ಯೋಜನೆ. ಚಾನಿಂಗ್ ಡೂಲಿ, ವಾಲ್ಟರ್ ಡೀಟ್ಸ್ ಮೊದಲಾದವರ ನೇತೃತ್ವದಲ್ಲಿ ಐದು ವರ್ಷಗಳೊಳಗೆ ಹದಿನೇಳು ಲಕ್ಷಕ್ಕೂ ಮಿಕ್ಕ ಮೇಲ್ವಿಚಾರಕರಿಗೆ ಪ್ರಮಾಣಪತ್ರವನ್ನಿತ್ತ ಈ ಸಂಸ್ಥೆಯು, ತರಬೇತಿಯು ಹಿಡಿಸಿತೇ ಎಂದು ಕಲಿತವರನ್ನು ಕೇಳುವುದರಲ್ಲಿ ತೃಪ್ತವಾಗದೆ, ಸುಮಾರು 600 ಕಾರ್ಖಾನೆಗಳಿಂದ ಉತ್ಪಾದನೆ, ಹಾಳಾದ ಮಾಲು, ಕಲಿಕೆಯ ಅವಧಿ, ಕಾರ್ಮಿಕರ ದೂರುಗಳು ಇವುಗಳ ಲೆಕ್ಕವನ್ನು ತರಿಸಿಕೊಂಡಿತು. 1945ರ ಕೊನೆಯ ಗಣನೆಯಲ್ಲಿ, ಕನಿಷ್ಠಪಕ್ಷ ಶೇಕಡ 25ರಷ್ಟು ಸುಧಾರಣೆಯನ್ನು ವರದಿಮಾಡಿದ ಕಾರ್ಖಾನೆಗಳು ಉತ್ಪಾದನೆಯಲ್ಲಿ ಶೇಕಡ 86, ಹಾಳು ಮಾಲಿನ ಇಳಿತದಲ್ಲಿ ಶೇಕಡ 55, ಕಲಿಕೆಯ ಅವಧಿಯ ಇಳಿತದಲ್ಲಿ ಶೇಕಡ 100. ಲೆಕ್ಕ ಕೊಟ್ಟವರು ಕಾರ್ಖಾನೆಯವರೇ ಆದುದರಿಂದಲೂ, ತರಬೇತಿ ಪಡೆಯದ ಕಾರ್ಖಾನೆಗಳೊಡನೆ ಹೋಲಿಕೆಯಿಲ್ಲದುದರಿಂದಲೂ, ಎರಡನೆಯ ಮಹಾಯುದ್ಧವು ತಾನಾಗಿಯೇ ಉತ್ಪಾದನೆಯನ್ನು ಏರಿಸುತ್ತಿದ್ದುದರಿಂದಲೂ ಈ ಅಂಕಿಗಳನ್ನು ಸಂಪೂರ್ಣವಾಗಿ ನೆಚ್ಚಲಾಗದು. ಆದರೂ ಏನನ್ನು ಅಳೆಯಬೇಕೆಂಬ ವಿಷಯದಲ್ಲಿ ಈ ಯೋಜನೆಯವರ ವಿವೇಕವು ಅನಂತರದ ಅನೇಕರಲ್ಲಿ ಕಾಣಬರುವುದಿಲ್ಲ. ಯುದ್ಧಾನಂತರ ಈ ಪದ್ಧತಿಯು ಜಪಾನನ್ನು ಸೇರಿ, ಟೊಯೋಟಾದಲ್ಲಿ ಬೇರೂರಿತು.

1950ರ ದಶಕದ ಆದಿಯಲ್ಲಿ ಎಡ್ವಿನ್ ಫ್ಲೈಶ್‌ಮನ್ ಅವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆಯ ಮೇಸ್ತ್ರಿಗಳನ್ನು ಪರಿಶೀಲಿಸಿ, ತರಬೇತಿ ಶಾಲೆಯಲ್ಲಿ ಬದಲಾದ ಮನೋಭಾವವು, ಕಾರ್ಖಾನೆಗೆ ಮರಳಿದ ಮೇಲೆ, ಮೇಲಧಿಕಾರಿಯ ನಡೆವಳಿಯನ್ನನುಸರಿಸಿ ಮತ್ತೆ ಹಿಂದಿನಂತಾಗುವುದನ್ನು ತೋರಿಸಿದರು. ಆ ಮೇಸ್ತ್ರಿಗಳು ಕಲಿತುದು ಯಂತ್ರವಿದ್ಯೆಯಲ್ಲ, ಜನರನ್ನು ನಡೆಸಿಕೊಳ್ಳುವ ವಿದ್ಯೆ. ಆದರೆ ಅರ ಹಿಡಿಯುವವನಿಗೂ ಈ ಮಾತು ಸಲ್ಲುತ್ತದೆ.

ವಿಸ್ಕಾನ್‌ಸಿನ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಅವರು 1959-60ರಲ್ಲಿ ಬರೆದ ನಾಲ್ಕು ಲೇಖನಗಳು ಈ ಕ್ಷೇತ್ರಕ್ಕೆ ಇಂದಿಗೂ ಚಾಲ್ತಿಯಲ್ಲಿರುವ ವಿಂಗಡಣೆಯನ್ನೊದಗಿಸಿದವು: ಕಲಿತವನ ಪ್ರತಿಕ್ರಿಯೆ, ಕಲಿಕೆ, ಕೆಲಸದಲ್ಲಿನ ವರ್ತನೆ, ಸಂಸ್ಥೆಗಾದ ಪರಿಣಾಮ. ಮೊದಲನೆಯದು ಸುಲಭ, ಕೊನೆಯದು ದುಸ್ಸಾಧ್ಯ. ಆದಕಾರಣ ಬಹುಮಂದಿ ವ್ಯವಸ್ಥಾಪಕರು ಕೊನೆಯ ದಿನ ಒಂದು ಪ್ರಶ್ನಾವಳಿಯನ್ನು ಹಂಚಿ, ಉಪನ್ಯಾಸಕನನ್ನೂ ಊಟವನ್ನೂ ಮೆಚ್ಚಿದರೆಂದು ತಿಳಿದು, ಕಡತವನ್ನು ಮುಚ್ಚಿಬಿಡುತ್ತಾರೆ. 1997ರಲ್ಲಿ ಜಾರ್ಜ್ ಆಲಿಗರ್ ಮತ್ತು ಸಂಗಡಿಗರು ಹಲವು ಸಂಶೋಧನೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ತರಬೇತಿಯನ್ನು ಮೆಚ್ಚುವುದಕ್ಕೂ ಅದರಿಂದ ಕಲಿಯುವುದಕ್ಕೂ ಸಂಬಂಧವು ಇಲ್ಲವೆನ್ನುವಷ್ಟು ಅಲ್ಪವೆಂದೂ, ಅದು ಕೆಲಸಕ್ಕೆ ಉಪಯುಕ್ತವೆಂಬ ಅಭಿಪ್ರಾಯಕ್ಕೆ ಅದಕ್ಕಿಂತ ಹೆಚ್ಚಿನ ಸಂಬಂಧವಿದೆಯೆಂದೂ ಕಂಡುಬಂದಿತು.

ಭಾರತದಲ್ಲಿ 1950ರ ಕುಶಲಕರ್ಮಿ ತರಬೇತಿ ಯೋಜನೆಯಿಂದ ಬೆಳೆದ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ, ಫಿಟ್ಟರ್ ಅಭ್ಯರ್ಥಿಯು ನಕ್ಷೆಯಂತೆ ಲೋಹವನ್ನು ಅರದಿಂದ ಉಜ್ಜಿ ಅಳತೆಗೆ ತರುವ ಪರೀಕ್ಷೆಯು ಕಲಿಕೆಯನ್ನು ಮಾತ್ರ ಅಳೆಯುತ್ತದೆ. 1961ರ ಅಪ್ರೆಂಟಿಸ್ ಕಾಯಿದೆಯು ಕಲಿಕೆಯನ್ನು ಕಾರ್ಖಾನೆಯೊಳಕ್ಕೇ ತಂದು ಕಲಿಕೆಗೂ ಕೆಲಸಕ್ಕೂ ನಡುವಣ ಅಂತರವನ್ನು ಕಿರಿದುಗೊಳಿಸಿತು.

ಜ್ಯಾಕ್ ಫಿಲಿಪ್ಸ್ ಅವರ 1983ರ ಕೈಪಿಡಿಯಿಂದ ಮೊದಲಾಗಿ, ತರಬೇತಿಯ ಫಲವನ್ನು ಹಣದಲ್ಲಿ ಎಣಿಸಿ ವೆಚ್ಚದೊಡನೆ ತೂಗುವ ಪದ್ಧತಿಯು ಪ್ರಚಾರಕ್ಕೆ ಬಂದಿತು. ಹೊಸ ಯಂತ್ರ, ಉತ್ತಮ ಕಚ್ಚಾಮಾಲು, ಮಾರುಕಟ್ಟೆಯ ಏರಿಕೆ ಇವುಗಳಿಂದಾದ ಲಾಭವನ್ನು ಬೇರ್ಪಡಿಸುವುದಕ್ಕೆ ತರಬೇತಿ ಪಡೆಯದ ತಂಡದೊಡನೆ ಹೋಲಿಕೆಯೇ ಶ್ರೇಷ್ಠವೆನಿಸಿದರೂ, ಅದು ದೊರೆಯದೆಡೆ ಕೆಲಸಗಾರರ ಮತ್ತು ಮೇಲ್ವಿಚಾರಕರ ಅಂದಾಜನ್ನೇ ಸ್ವೀಕರಿಸಿ, ಆ ಅಂದಾಜಿನಲ್ಲಿ ಅವರಿಗೇ ಎಷ್ಟು ಶೇಕಡ ವಿಶ್ವಾಸವಿದೆಯೆಂದು ಕೇಳಿ, ಅಷ್ಟಕ್ಕೆ ತಗ್ಗಿಸಿಕೊಳ್ಳುವ ಕ್ರಮವನ್ನು ಫಿಲಿಪ್ಸ್ ಅವರು ವಿಧಿಸಿದರು.